ಬಿಷಪ್ಪರ ಓಣಿ

ಆ ಮಳೆಗಾಲದಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ನನ್ನ ತಲೆ ತಾನಾಗಿ ಸೇರಿಸಿಕೊಂಡದ್ದೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಗಟ್ಟಿಯಾಗಿ ಉತ್ತರ ಹೇಳಲಾರೆ. ಧೋ ಎಂದು ಮಳೆ ಸುರಿಯುತ್ತಿತ್ತು ಎಂದು ನೆನಪಿರುವ ದಿನ ಬಿಸಿಲಿದ್ದಿರಬಹುದು. ನಾನು ಹೇಳಿದೆ ಎಂದುಕೊಂಡ ಮಾತನ್ನು ಬೇರೆ ಯಾರೋ ಹೇಳಿರಬಹುದು. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಇದು ನಾಚಿಕೆಯ ಸಂಗತಿಯೇ. ಸಾವಿರ ವರ್ಷದ ಹಿಂದಿನ ಶಾಸನಕ್ಕೆ ಆಧಾರ ಕೇಳುವ ನಾನು ನನ್ನದೇ ಇಪ್ಪತ್ತಾರನೆಯ ವಯಸ್ಸಿಗೆ ಆಧಾರ ಕೊಡಲಾರೆ.

ಆದರೆ ಹೋದ ತಿಂಗಳು ಜಗತ್ ವೃತ್ತದ ಹತ್ತಿರ ರಸ್ತೆ ದಾಟಲು ನಿಂತಿದ್ದಾಗ ಪಕ್ಕದ ಬಂಡಿಯಿಂದ ಒಂದು ವಾಸನೆ ಬಂತು. ಕಮಲಾಪುರದ ಕೆಂಪು ಬಾಳೆಹಣ್ಣು. ಬೇರೆ ಬಾಳೆಹಣ್ಣಿನ ಹಾಗಲ್ಲ ಅದು; ಹಣ್ಣು ಕಣ್ಣಿಗೆ ಬೀಳುವ ಮೊದಲೇ ವಾಸನೆ ಬಂದು ಭುಜ ಹಿಡಿದು ನಿಲ್ಲಿಸುತ್ತದೆ. ಬಂಡಿಯವನು ‘ಲೇಲೋ ಸಾಬ್, ಅಸಲಿ ಕಮಲಾಪುರದ್ದು ಅದ’ ಎನ್ನುತ್ತಿದ್ದ. ನನ್ನ ಕಿವಿಯಲ್ಲಿ ಮಾತ್ರ ತಗಡಿನ ಮೇಲೆ ಬೀಳುವ ಮಳೆಯ ಸದ್ದು, ಅದರ ಮೇಲೆ ಒಬ್ಬ ಹೆಂಗಸು ‘ಅಥನಾಸಿಯಸ್! ಐದು ಸಲ ಊರು ಬಿಟ್ಟಾಂವ!’ ಎಂದು ಕೂಗುವ ಸದ್ದು. ಅಲ್ಲೇ ನಿಂತು ನಗತೊಡಗಿದೆ.

ಆಗ ಬಸ್ಸಿನ ಬೋರ್ಡುಗಳಲ್ಲಿ ನಮ್ಮ ಊರಿನ ಹೆಸರು ಇನ್ನೂ ಗುಲ್ಬರ್ಗಾ ಎಂದೇ ಇತ್ತು. ಖೂಬಾ ಪ್ಲಾಟಿನ ಮನೆಯಿಂದ ದಿನಾ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ ಅಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಇತಿಹಾಸ ಹೇಳುತ್ತಿದ್ದೆ. ಅತಿಥಿ ಎಂದರೆ ಯಾವಾಗ ಬೇಕಾದರೂ ಎದ್ದು ಹೋಗು ಎನ್ನಿಸಿಕೊಳ್ಳುವವನು. ಒಂದು ಕಡೆ ಕೂರಲಾಗದ ಸ್ವಭಾವ ನನ್ನದು. ನನಗೆ ಅದು ಒಗ್ಗಿತ್ತು. ಮಹಾಗಾಂವ ಕ್ರಾಸ್ ದಾಟುವವರೆಗೆ ಕಪ್ಪು ಎರೆಹೊಲ, ಮೊಳಕೆಯೊಡೆದ ತೊಗರಿ. ಕಮಲಾಪುರ ಹತ್ತಿರವಾದಂತೆ ನೆಲ ಕೆಂಪಾಗುತ್ತಿತ್ತು, ಬಾಳೆತೋಟಗಳು ಶುರುವಾಗುತ್ತಿದ್ದವು.

ಜುಲೈನಲ್ಲಿರಬೇಕು, ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಲವತ್ತರ ಹತ್ತಿರದ ಹೆಂಗಸೊಬ್ಬರು ಬಂದು ನಿಂತರು. ಒದ್ದೆ ಛತ್ರಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಾಳೆಗಳು.

“ಹಿಸ್ಟರಿ ಸರ ಯಾರ್ರಿ?”

“ನಾನೇ.”

“ನಾ ಎಸ್ತೇರಮ್ಮ ರೀ. ಅಂಗನವಾಡಿ ಟೀಚರು. ಇದರಾಗಿನ ಮಂದಿ ಪೈಕಿ ನಿಮಗ ಯಾರರ ಗೊತ್ತೇನ್ರಿ?”

ಹಾಳೆಯ ಮೇಲೆ ಹೆಸರುಗಳ ಸಾಲು. ಅಥನಾಸಿಯಸ್, ಬಾಸಿಲ್, ಅದರ ಕೆಳಗೆ ಇಬ್ಬರು ಗ್ರೆಗರಿಗಳು, ಅಂಬ್ರೋಸ್, ಜೆರೋಮ್, ಅಗಸ್ಟೀನ್. ಕ್ರೈಸ್ತ ಸಭೆಯ ಮೊದಲ ಶತಮಾನಗಳ ಬಿಷಪ್ಪರು, ಪಂಡಿತರು. ಎಂ.ಎ.ಯಲ್ಲಿ ರೋಮ್ ಸಾಮ್ರಾಜ್ಯದ ಪತನ ಓದುವಾಗ ಅಡಿಟಿಪ್ಪಣಿಗಳಲ್ಲಿ ಇವರನ್ನು ದಾಟಿಕೊಂಡು ಹೋಗಿದ್ದೆ, ಅಷ್ಟೇ.

“ನೋಡ್ರಿ, ನಾನು ದೇವರನ್ನ ನಂಬೋದಿಲ್ಲ. ನಿಮ್ಮ ದೇವರನ್ನೂ ಇಲ್ಲ, ನಮ್ಮ ಮನಿ ದೇವರನ್ನೂ ಇಲ್ಲ” ಎಂದೆ. ಆ ಕಾಲಕ್ಕೆ ಅದನ್ನು ಕೇಳದವರಿಗೂ ಹೇಳಿಬಿಡುವ ಚಟ ನನಗಿತ್ತು.

“ದೇವರ ಸುದ್ದಿ ನಾ ನೋಡ್ಕೋತೀನ್ರಿ. ನೀವು ಇಸ್ವಿ ಹೇಳ್ರಿ, ಸಾಕು” ಎಂದರು ಎಸ್ತೇರಮ್ಮ.

ಅವರ ಕಥೆ ಹೀಗಿತ್ತು. ಕಮಲಾಪುರದ ಅವರ ಸಭೆಗೆ ಮೂವತ್ತು ಮನೆ. ಪಾಲಕರು, ಅಂದರೆ ಪಾದ್ರಿ, ಅವರ ಬಾಯಲ್ಲಿ ಅಯ್ಯನವರು, ಗುಲ್ಬರ್ಗಾದಿಂದ ತಿಂಗಳಿಗೊಂದು ರವಿವಾರ ಬರುತ್ತಿದ್ದರು. ಉಳಿದ ರವಿವಾರ ಪ್ರಸಂಗ, ಅಂದರೆ ಉಪದೇಶ, ಮಾಡುವವರು ಎಸ್ತೇರಮ್ಮ. ಹನ್ನೊಂದು ವರ್ಷದಿಂದ ಮಾಡುತ್ತಿದ್ದರೂ ಅವರಿಗೆ ಪರವಾನಗಿ ಇರಲಿಲ್ಲ. ಪರವಾನಗಿ ಇಲ್ಲದವರು ಪ್ರಸಂಗದ ಕಟ್ಟೆ ಹತ್ತುವಂತಿಲ್ಲ, ಕೆಳಗೆ ನೆಲದ ಮೇಲೆ ನಿಂತೇ ಮಾತಾಡಬೇಕು. ಅದು ಆ ಸಭೆಯ ಕಟ್ಟಳೆ. ಪರವಾನಗಿಗೆ ಮೌಖಿಕ ಪರೀಕ್ಷೆ. ಉಳಿದ ವಿಷಯ ಪಾಸಾಗಿತ್ತು, ಸಭೆಯ ಇತಿಹಾಸದಲ್ಲಿ ಒಮ್ಮೆ ಫೇಲಾಗಿದ್ದರು. ಇದು ಎರಡನೆಯ ಸಲ, ಕಡೆಯದು. ಈ ಸಲವೂ ಹೋದರೆ ಬೇರೆ ಊರಿನ ಒಬ್ಬ ಪ್ರಸಂಗಿಯನ್ನು ತಂದು ಕೂರಿಸುವುದು ಗೊತ್ತಾಗಿತ್ತು. ಆಮೇಲೆ ಇವರು ಎಲ್ಲರ ಜೊತೆ ಜಮಖಾನೆಯ ಮೇಲೆ ಕೂತು ಕೇಳಬೇಕು.

“ಕೂತು ಕೇಳೂದು ತಪ್ಪಲ್ರಿ. ಆದ್ರ ನನಗ ಬರೂದು ಇದೊಂದೇ ಕೆಲಸ” ಎಂದರು.

ಒಪ್ಪಿಕೊಂಡೆ. ದಿನಾ ನಾಲ್ಕೂವರೆಗೆ ಅಂಗನವಾಡಿ ಬಿಟ್ಟ ಮೇಲೆ ಚರ್ಚಿನಲ್ಲಿ ಪಾಠ. ಚರ್ಚೆಂದರೆ ಕಲ್ಲಿನ ಗೋಡೆ, ತಗಡಿನ ಮಾಡು, ಒಂದು ಕೊನೆಯಲ್ಲಿ ಒಂದಡಿ ಎತ್ತರದ ಸಿಮೆಂಟ್ ಕಟ್ಟೆ. ಹಿಂದಿನ ಕೋಣೆಯಲ್ಲಿ ಸಭೆಯವರೊಬ್ಬರು ಬಾಳೆಗೊನೆ ಹಣ್ಣಿಗಿಡುತ್ತಿದ್ದರು. ಆ ವಾಸನೆಯಲ್ಲೇ ನಮ್ಮ ನಾಲ್ಕನೆಯ ಶತಮಾನ ನಡೆಯಿತು.

ಮೊದಲ ವಾರ ಪೂರ್ತಿ ಸೋಲು. ಇಸವಿ ಹೇಳಿದೆ, ವಾದಗಳನ್ನು ಹೇಳಿದೆ. ಮರುದಿನ ಕೇಳಿದರೆ ಅಂಬ್ರೋಸನನ್ನು ಈಜಿಪ್ಟಿಗೂ ಅಥನಾಸಿಯಸನನ್ನು ಇಟಲಿಗೂ ಕಳಿಸುತ್ತಿದ್ದರು. ನನಗೆ ಸಿಟ್ಟು. ಅವರ ಅತ್ತೆ ರೂತವ್ವ ಮೂಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಒಂದು ದಿನ ಮೊರ ಕೆಳಗಿಟ್ಟು ನನ್ನ ಮೇಲೇ ಏರಿಬಂದಳು:

“ಏ ಸರ, ಬರೀ ಹೆಸರ ಹೇಳಿದ್ರ ಹೆಂಗ ನೆನಪಿರ್ತದ? ಯಾರ ಮನ್ಯಾಂವ, ಅಪ್ಪ ಯಾರು, ಮನಿ ಮುಂದ ಏನದ, ಯಾರ ಜೋಡಿ ಜಗಳ, ಇದು ಹೇಳಬೇಕಿಲ್ಲೊ? ನಮ್ಮ ಓಣ್ಯಾಗ ಹೊಸ ಮನಶಾ ಬಂದ್ರ ಮದಲ ಅದ ಕೇಳ್ತೀವಿ.”

ನನ್ನ ವಿಶ್ವವಿದ್ಯಾಲಯದಲ್ಲಿ ಯಾರೂ ಹೇಳಿಕೊಡದ ಪಾಠ ಅದು. ಚಾಕ್‌ಪೀಸು ತಗೊಂಡು ಚರ್ಚಿನ ನೆಲದ ಮೇಲೇ ಒಂದು ಓಣಿ ಬರೆದೆ. ಎರಡೂ ಕಡೆ ಮನೆಗಳು. ಮೊದಲ ಮನೆ ಅಥನಾಸಿಯಸನದು. ಬಾಗಿಲಿಗೆ ಐದು ಕೀಲಿ, ಯಾಕೆಂದರೆ ಚಕ್ರವರ್ತಿಗಳು ಅವನನ್ನು ಐದು ಸಲ ಊರು ಬಿಡಿಸಿದರು. ಅದರ ಎದುರು ಅಂಬ್ರೋಸನ ಮನೆ, ಮುಂದೆ ಸರಕಾರಿ ಜೀಪು. ಬಿಷಪ್ಪರ ಆಯ್ಕೆಯಲ್ಲಿ ಗಲಾಟೆಯಾಗದಂತೆ ನೋಡಿಕೊಳ್ಳಲು ಬಂದ ಅಧಿಕಾರಿ ಅವನು. ಮಂದಿ ‘ನೀನೇ ಆಗು’ ಎಂದು ಅವನನ್ನೇ ಬಿಷಪ್ ಮಾಡಿಬಿಟ್ಟರು, ಅವನಿಗೆ ಇನ್ನೂ ದೀಕ್ಷಾಸ್ನಾನವೂ ಆಗಿರಲಿಲ್ಲ.

“ಅಂದ್ರ ತಹಸೀಲ್ದಾರ ಬಂದೋಬಸ್ತಿಗೆ ಬಂದು ತಾನ ಅಯ್ಯನವರಾಗಿ ಹ್ವಾದ!” ಎಸ್ತೇರಮ್ಮ ಚಪ್ಪಾಳೆ ತಟ್ಟಿದರು. “ಅಂವಗ ಪರವಾನಗಿ ಯಾರ ಕೇಳಲಿಲ್ಲೇನ್ರಿ?”

ಓಣಿಯ ಕೊನೆಗೆ ಜೆರೋಮ್, ಯಾರ ಜೊತೆಯೂ ಹೊಂದದ ಜಗಳಗಂಟ. ಅಗಸ್ಟೀನನ ಮನೆಯ ಹೊಸ್ತಿಲ ಮೇಲೆ ಮಗನ ದಾರಿ ಕಾಯುತ್ತ ಕೂತ ತಾಯಿ. ಅಲ್ಲಿಂದಾಚೆ ಒಂದು ಹೆಸರೂ ಅದಲುಬದಲಾಗಲಿಲ್ಲ. ನನಗೇ ಹುಚ್ಚು ಹಿಡಿಯಿತು. ರಜೆ ಸಿಕ್ಕರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಓಡಿ, ದೂಳು ಹಿಡಿದ ಸಂಪುಟಗಳನ್ನು ಆಧಾರಕ್ಕಾಗಿ ಅಲ್ಲ, ಕಥೆಗಾಗಿ ಓದಿದೆ. ಏನೇನು ಓದಿದೆನೋ ಟಿಪ್ಪಣಿ ಮಾಡಿಕೊಳ್ಳಲಿಲ್ಲ. ಸಂಜೆ ಪಾಠಕ್ಕೆ ಒಬ್ಬೊಬ್ಬರೇ ಹೆಂಗಸರು ಬಂದು ಕೂರತೊಡಗಿದರು. ಮಳೆ ಬಂದರೆ ತಗಡಿನ ಸದ್ದಿಗೆ ಏನೂ ಕೇಳದು, ಆದ್ದರಿಂದ ಎಲ್ಲರೂ ಕೂಗಿಯೇ ಮಾತಾಡಬೇಕು. ಅಥನಾಸಿಯಸ್ ನೈಲ್ ನದಿಯಲ್ಲಿ ದೋಣಿಯಲ್ಲಿ ತಪ್ಪಿಸಿಕೊಳ್ಳುತ್ತಿದ್ದಾನೆ, ಹಿಂದೆ ಸೈನಿಕರ ದೋಣಿ. ಇವನು ಓಡುವುದು ಬಿಟ್ಟು ತನ್ನ ದೋಣಿಯನ್ನೇ ಅವರ ಕಡೆ ತಿರುಗಿಸುತ್ತಾನೆ. ‘ಅಥನಾಸಿಯಸನ್ನ ಕಂಡೀರೇನು?’ ಎಂದು ಅವರು ಕೇಳುತ್ತಾರೆ.

“ಏನಂದಾ? ಏನಂದಾ?” ಹೆಂಗಸರು ಮುಂದೆ ಸರಿದರು.

“‘ಇಲ್ಲೇ ಹತ್ರ ಅದಾನ, ಜಲ್ದಿ ಹೋಗ್ರಿ’ ಅಂದ!” ಎಂದು ಕೂಗಿದೆ. ಇಡೀ ಚರ್ಚು ಬಿದ್ದು ಬಿದ್ದು ನಕ್ಕಿತು.

ರೂತವ್ವ ಕಣ್ಣೊರೆಸಿಕೊಂಡು ಪಕ್ಕದವಳಿಗೆ ಹೇಳಿದಳು: “ಲಿಂಗಾಯತರ ಮನಿ ಹುಡುಗ. ದೇವರ ಇಲ್ಲ ಅಂತಾನ. ನಮ್ಮ ಗುಡ್ಯಾಗ ಕುಂತು ಬಿಷಪ್ಪರ ಕತಿ ಹೇಳ್ತಾನ. ಇಂವ ಯಾವ ಕಡ್ಯಾಂವ ಅಂತ ದೇವರಿಗೇ ಗೊತ್ತಾಗವಲ್ದು.”

ಹೀಗೆ ಬಂದೆವು ಬಾಸಿಲನ ಮನೆಗೆ. ಅಲ್ಲಿ ಗಾಡಿ ಹೂತುಕೊಂಡಿತು. ಇಂದಿನ ತುರ್ಕಿಯ ಕಡೆಯ ಬಾಸಿಲ್, ಅವನ ತಮ್ಮ ಗ್ರೆಗರಿ, ಬಾಸಿಲನದೇ ಗೆಳೆಯ ಇನ್ನೊಬ್ಬ ಗ್ರೆಗರಿ. ಮೂವರೂ ದೊಡ್ಡ ಪಂಡಿತರು, ಮೂವರೂ ಬಿಷಪ್ಪರು. ಯಾರು ಯಾರೆಂದು ಎಸ್ತೇರಮ್ಮನಿಗೆ ಹತ್ತಲೇ ಇಲ್ಲ. ಹಿಂದಿನ ವರ್ಷ ಫೇಲಾದದ್ದೂ ಇದೇ ಪ್ರಶ್ನೆಯಲ್ಲಿ.

“ಮೂರು ಗಂಡಸರು ಒಂದ ಮನ್ಯಾಗ. ಒಂದರ ಹೆಣ್ಮಗಳು ಬ್ಯಾಡೇನ್ರಿ? ಅಕ್ಕ, ತಂಗಿ? ಹೆಣ್ಮಗಳಿಲ್ದ ಮನಿ ನನಗ ಕಣ್ಣಿಗೆ ಕಟ್ಟವಲ್ದು” ಎಂದರು.

ಆ ದಿನ ಮಳೆ ಇತ್ತು. ಇತ್ತೆಂದೇ ನೆನಪು. ಪರೀಕ್ಷೆಗೆ ಹತ್ತು ಹನ್ನೆರಡು ದಿನ ಉಳಿದಿತ್ತು. ನಾನು ಬಾಯಿ ತೆರೆದೆ, ಮಾತು ತಾನಾಗಿ ಬಂತು:

“ಇದ್ದಳು. ಅಕ್ಕ ಇದ್ದಳು. ಬಾಸಿಲ್ ಅಥೆನ್ಸಿನಾಗ ದೊಡ್ಡ ದೊಡ್ಡ ಓದು ಓದಿ ಮನಿಗೆ ಬಂದ. ಕಾಲು ನೆಲದ ಮ್ಯಾಲ ಇರಲಿಲ್ಲ. ಮನ್ಯಾಗ ಯಾರನ್ನೂ ಲೆಕ್ಕಕ್ಕ ಇಡವಲ್ಲ. ಅಕ್ಕ ಒಂದಿನ ಎದುರಿಗೆ ಕೂಡಿಸಿಕೊಂಡು ಚೆಂದಗ ಇಳಿಸಿದಳು.”

ಹೆಂಗಸರೆಲ್ಲ ನನ್ನನ್ನೇ ನೋಡಿದರು. ರೂತವ್ವ, “ಯುನಿವರ್ಸಿಟಿ ಓದಿ ಬಂದವರಿಗೆ ಅಂಥಾ ಅಕ್ಕ ಒಬ್ಬಾಕಿ ಬೇಕು ನೋಡವಾ” ಎಂದಳು. ಮತ್ತೆ ನಗು. ಎಸ್ತೇರಮ್ಮ ಮಾತ್ರ ನಗಲಿಲ್ಲ. ಚಾಕ್‌ಪೀಸು ತಗೊಂಡು ಬಾಸಿಲನ ಮನೆಯ ನಡುವೆ ಒಂದು ದುಂಡನೆಯ ಗುರುತು ಹಾಕಿ, ಅದರಿಂದ ಮೂವರಿಗೂ ಗೆರೆ ಎಳೆದರು. “ಈಕಿಗೆ ತಮ್ಮ, ಈಕಿಗೆ ಸಣ್ಣ ತಮ್ಮ, ಈಕಿ ತಮ್ಮನ ದೋಸ್ತ. ಹತ್ತಿತು ನೋಡ್ರಿ ಸರ!” ಎಂದರು. ಮುಖ ಬೆಳಗುತ್ತಿತ್ತು.

ನಾನು ಆಗಷ್ಟೇ ಒಬ್ಬ ಹೆಣ್ಣುಮಗಳನ್ನು ಹುಟ್ಟಿಸಿದ್ದೆ. ನೆನಪಿಗೊಂದು ಗೂಟ, ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಗೂಟ ಪರೀಕ್ಷೆಯ ಕೋಣೆಗೂ ನಡೆದುಹೋದೀತು ಎಂದು ಹೊಳೆಯಲಿಲ್ಲ.

ಪರೀಕ್ಷೆ ಗುಲ್ಬರ್ಗಾದ ಒಂದು ಚರ್ಚಿನ ಹಿಂದಿನ ಹಾಲಿನಲ್ಲಿ. ಇಬ್ಬರು ಪರೀಕ್ಷಕರು: ಎಂಬತ್ತರ ಹತ್ತಿರದ ದೊಡ್ಡ ಅಯ್ಯನವರು, ಅಂಕ ಬರೆದುಕೊಳ್ಳುವ ಒಬ್ಬ ಎಳೆಯ ಪಾಲಕ. ಬಾಗಿಲು ತೆರೆದಿತ್ತು, ನಾನು ಹೊರಗಿನ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡೆ. ಎಸ್ತೇರಮ್ಮನ ದನಿ ತಗಡಿನ ಮಳೆಗೆ ಪಳಗಿದ ದನಿ, ಆ ಸಣ್ಣ ಹಾಲಿನಲ್ಲಿ ಗಂಟೆ ಹೊಡೆದಂತೆ ಬಂತು. ಅಥನಾಸಿಯಸನ ಐದು ಗಡಿಪಾರು, ಯಾವ ಚಕ್ರವರ್ತಿ, ಯಾಕೆ, ಎಲ್ಲ ಸರಸರ. ಅಂಬ್ರೋಸ್ ಸರಸರ. ನಾನು ಬೆಂಚಿನ ಮೇಲೆ ಕೂರಲಾರದೆ ಎದ್ದು ಓಡಾಡತೊಡಗಿದೆ. ಆಮೇಲೆ ಬಾಸಿಲ್.

“ಬಾಸಿಲನ ಸುದ್ದಿ ಹೇಳಬೇಕಂದ್ರ ಮದಲ ಆಂವನ ಅಕ್ಕನ ಸುದ್ದಿ ಹೇಳಬೇಕ್ರಿ” ಎಂದು ಎಸ್ತೇರಮ್ಮ ಶುರು ಮಾಡಿದರು.

ನನ್ನ ಕಾಲು ಅಲ್ಲೇ ನಿಂತಿತು. ಅಕ್ಕ ಬಂದಳು, ತಮ್ಮನ ಸೊಕ್ಕು ಬಂತು, ಅಕ್ಕ ಇಳಿಸಿದ್ದು ಬಂತು. ಎಳೆಯ ಪಾಲಕ ನಡುವೆ ಬಾಯಿ ಹಾಕಿದ: “ಇದು ಯಾವ ಪುಸ್ತಕದಾಗ ಅದರೀ?”

“ನಮ್ಮ ಸರ ಹೇಳ್ಯಾರ್ರಿ.”

ಪೆನ್ನು ಏನೋ ಗೀಚಿದ ಸದ್ದು. ದೊಡ್ಡ ಅಯ್ಯನವರ ದನಿ: ಮುಂದಿನ ಪ್ರಶ್ನೆ.

ಹೊರಗೆ ಬಂದ ಎಸ್ತೇರಮ್ಮ ಹಾರುತ್ತಿದ್ದರು. “ಸರ, ಮಾತು ತಾವಾಗೇ ಬಂದ್ವು! ಒಂದೂ ತಪ್ಪಲಿಲ್ಲ!” ಮಧ್ಯಾಹ್ನದ ಕ್ಲಾಸಿಗೆಂದು ನಾನೂ ಅವರ ಜೊತೆ ಕಮಲಾಪುರದ ಬಸ್ಸು ಹತ್ತಿದೆ; ಅಲ್ಲೂ ಅದೇ ಹಿಗ್ಗು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗ ಅವರು, “ಬರೋ ರವಿವಾರ ಆ ಅಕ್ಕನ ಮ್ಯಾಲೇ ಪ್ರಸಂಗ ಮಾಡ್ತೀನ್ರಿ. ನಮ್ಮ ಹೆಣ್ಮಕ್ಕಳು ಕೇಳ್ಲಿ” ಎಂದರು.

ಆಗ ಹೇಳಿದೆ. “ಎಸ್ತೇರಮ್ಮ, ಆ ಅಕ್ಕ ಇರಲಿಲ್ಲ. ನಿಮಗ ನೆನಪಿರಲಿ ಅಂತ ನಾನು ಕಟ್ಟಿ ಹೇಳಿದ್ದು.”

ಅವರು ಬೈಯಲಿಲ್ಲ. ಛತ್ರಿ, ಚೀಲ ತಗೊಂಡು, ಕಂಡಕ್ಟರ್ ಸೀಟಿ ಊದುವುದರೊಳಗೆ ಬಸ್ಸಿನಿಂದ ಇಳಿದುಬಿಟ್ಟರು. ನಾನು ಹಿಂದೆ ಓಡಿದೆ. ರಸ್ತೆ ದಾಟಿ, ಗುಲ್ಬರ್ಗಾ ಕಡೆ ಹೋಗುವ ಬಸ್ಸಿಗೆ ಕೈ ಮಾಡುತ್ತಾ ನಿಂತಿದ್ದರು.

“ಎಲ್ಲಿಗೆ ಹೊಂಟ್ರಿ?”

“ಆ ಉತ್ತರ ಹೊಡದ ಹಾಕ್ರಿ ಅನ್ನಾಕ.”

“ಫೇಲಾಗ್ತೀರಿ. ಬಾಸಿಲನ ಪ್ರಶ್ನಿ ಹೋದ್ರ ಪಾಸಾಗೂದಿಲ್ಲ.”

“ಗೊತ್ತದ ರೀ.”

“ಒಂದು ಸಣ್ಣ ಸುಳ್ಳು—”

“ಸರ,” ಎಂದರು, ಮೊದಲ ಸಲ ನನ್ನ ಮೇಲೆ ದನಿ ಏರಿಸಿ, “ನೀವು ಪಾಠ ಹೇಳೋರು. ನಾಳಿ ಒಂದು ಪುಸ್ತಕ ನೋಡಿ ತಪ್ಪಾತು ಅಂದ್ರ ನಡೀತದ. ನಾ ಕಟ್ಟಿ ಮ್ಯಾಲ ನಿಂತು ಇದು ಖರೇ ಅದ ಅನ್ನಬೇಕು. ಸುಳ್ಳಿನ ಮ್ಯಾಲ ಕಾಲಿಟ್ಟು ಹತ್ತಿದ್ರ ಮುಂದ ಏನ್ ಹೇಳಿದ್ರೂ ನನಗೇ ಖರೇ ಅನ್ನಿಸೂದಿಲ್ಲ. ನೀವು ಬರ್ರಿ, ಬಿಡ್ರಿ. ನಾ ಹೋಗ್ತೀನಿ.”

ಹೋದೆ. ಹಾಲಿನಲ್ಲಿ ಪರೀಕ್ಷಕರು ಊಟಕ್ಕೆ ಕೂತಿದ್ದರು. ದೊಡ್ಡ ಅಯ್ಯನವರ ಕೈಯಲ್ಲಿ ಮಜ್ಜಿಗೆಯ ಲೋಟ. ಎಸ್ತೇರಮ್ಮ ಎದುರಿಗೆ ನಿಂತು ಒಂದೇ ಉಸಿರಿಗೆ ಹೇಳಿದರು: “ಅಯ್ಯನವರ, ಬಾಸಿಲಗ ಅಕ್ಕ ಇರ್ಲಿಲ್ರಿ. ನಾ ಹೇಳಿದ್ದು ಸುಳ್ಳು. ಆ ಉತ್ತರ ಹೊಡದ ಹಾಕ್ರಿ.”

ಎಳೆಯ ಪಾಲಕ ‘ನಾನು ಹೇಳಲಿಲ್ಲವೇ’ ಎಂಬಂತೆ ನೋಡಿದ. ಮುದುಕರು ಲೋಟ ಕೆಳಗಿಟ್ಟರು.

“ಇರ್ಲಿಲ್ಲಂತ ಯಾರ ಹೇಳಿದ್ರವ್ವಾ?”

ಎಸ್ತೇರಮ್ಮ ನನ್ನನ್ನು ತೋರಿಸಿದರು.

“ಇದ್ದಳಂತ ಯಾರ ಹೇಳಿದ್ರು?”

ಮತ್ತೆ ನನ್ನನ್ನೇ ತೋರಿಸಿದರು.

“ನಾನೇ ಹುಟ್ಟಿಸಿದ್ದು ರೀ,” ಎಂದೆ. “ಇವರದೇನೂ ತಪ್ಪಿಲ್ಲ.”

ಮುದುಕರು ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. “ತಮ್ಮಾ,” ಎಂದರು, “ನೀ ಹುಟ್ಟಸೂಕಿಂತ ಭಾಳ ಮದಲ ಆಕಿ ಹುಟ್ಯಾಳ.” ಎಳೆಯ ಪಾಲಕನ ಕಡೆ ತಿರುಗಿ, “ಬರಕೋ. ಉತ್ತರ ಬರೋಬರಿ. ಇನ್ನ ಐದು ಮಾರ್ಕ್ ಹೆಚ್ಚಿಗಿ ಹಾಕು, ಇಷ್ಟು ದೂರ ಹೊಳ್ಳಿ ಬಂದಾಳ” ಎಂದರು. ನಮಗೆ “ಕುಂದರ್ರಿ, ಊಟ ಮಾಡ್ರಿ” ಎಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಹೆಸರು ಹೇಳಲಿಲ್ಲ, ಪುಸ್ತಕ ಹೇಳಲಿಲ್ಲ.

ಎಸ್ತೇರಮ್ಮ ಪಾಸಾದರು. ಪರವಾನಗಿ ಕೈಗೆ ಬಂದ ಮೇಲಿನ ರವಿವಾರ ನಾನೂ ಹೋಗಿದ್ದೆ, ಬಾಗಿಲ ಹತ್ತಿರ ನಿಂತಿದ್ದೆ. ಅವರು ಕಟ್ಟೆ ಹತ್ತಿದರು. ಒಂದು ವಾಕ್ಯ ಹೇಳಿ, ಹನ್ನೊಂದು ವರ್ಷದ ರೂಢಿಯಿಂದ ತಮಗೇ ಗೊತ್ತಿಲ್ಲದೆ ಮತ್ತೆ ಕೆಳಗಿಳಿದು ನಿಂತರು. ರೂತವ್ವ ಜಮಖಾನೆಯಿಂದಲೇ ಕೂಗಿದಳು: “ಮ್ಯಾಲ ನಿಂದ್ರ, ಏ! ಹಿಂದಿನವರಿಗೆ ಕಾಣವಲ್ಲಿ!” ಸಭೆ ನಕ್ಕಿತು, ಅವರು ನಕ್ಕರು, ಮತ್ತೆ ಹತ್ತಿದರು. ಬಾಸಿಲನ ಅಕ್ಕನ ಮೇಲೆಯೇ ಪ್ರಸಂಗ ಮಾಡಿದರು. ದೇವರಿಲ್ಲ ಎನ್ನುವವನ ಮೈಮೇಲೆ ಮುಳ್ಳೆದ್ದಿತ್ತು. ಅದು ಮಾತ್ರ ನನಗೆ ಖಾತ್ರಿಯಾಗಿ ನೆನಪಿದೆ.

ಆದರೆ ನಾನು ಮುದುಕರನ್ನು ನಂಬಿರಲಿಲ್ಲ. ಹಿಂದಿರುಗಿ ಬಂದು ತಪ್ಪೊಪ್ಪಿಕೊಂಡ ಹೆಂಗಸನ್ನು ಫೇಲು ಮಾಡಲು ಮನಸ್ಸಾಗದೆ ಅವರೂ ಒಂದು ಸುಳ್ಳು ಹೇಳಿದರು ಎಂದೇ ತಿಳಿದೆ. ಹಾಗಿದ್ದರೆ ಎಸ್ತೇರಮ್ಮ ಬೇಡವೆಂದ ಸುಳ್ಳಿನ ಮೇಲೇ ನಾವಿಬ್ಬರು ಗಂಡಸರು ಸೇರಿ ಅವರನ್ನು ಹತ್ತಿಸಿದಂತಾಯಿತು. ಅದನ್ನು ತಿಳಿಯುವ ಧೈರ್ಯ ನನಗಿರಲಿಲ್ಲ. ಮುಂದಿನ ವರ್ಷ ಬೇರೆ ಕಾಲೇಜು, ಬೇರೆ ಊರು. ಎಲ್ಲಕ್ಕೂ ಆಧಾರ ಕೇಳುವವನು ಇದೊಂದಕ್ಕೆ ಇಷ್ಟು ವರ್ಷ ಕೇಳಲೇ ಇಲ್ಲ. ಎಸ್ತೇರಮ್ಮ ಈಗಲೂ ಅಲ್ಲೇ ಪ್ರಸಂಗ ಮಾಡುತ್ತಿದ್ದಾರೆ ಎಂದು ಕಮಲಾಪುರದ ಕಡೆಯವರು ಸಿಕ್ಕಾಗ ಹೇಳುತ್ತಾರೆ.

ಹೋದ ತಿಂಗಳು ಜಗತ್ ವೃತ್ತದಲ್ಲಿ ಹಣ್ಣು ಕೊಂಡು ಮನೆಗೆ ಹೋಗಲಿಲ್ಲ. ನೇರ ಗ್ರಂಥಾಲಯಕ್ಕೆ ಹೋದೆ. ಎರಡು ದಿನ ಹಿಡಿಯಿತು. ಇಪ್ಪತ್ತಾರರಲ್ಲಿ ನಾನು ಆ ಪುಟವನ್ನು ಓದಿ ಮರೆತಿದ್ದೆನೋ, ಸುಮ್ಮನೆ ಹೇಳಿದ್ದು ಗುರಿಗೆ ಬಿತ್ತೋ, ಅದು ಎಂದಿಗೂ ಗೊತ್ತಾಗದು. ಗೊತ್ತಾದದ್ದು ಇಷ್ಟು: ಬಾಸಿಲನಿಗೆ ಒಬ್ಬ ಅಕ್ಕ ಇದ್ದಳು. ಹೆಸರು ಮಕ್ರೀನಾ, ಆ ಮನೆಯ ಮಕ್ಕಳಲ್ಲೆಲ್ಲ ಹಿರಿಯಳು. ಅಥೆನ್ಸಿನ ಓದಿನಿಂದ ಉಬ್ಬಿ ಬಂದ ತಮ್ಮನನ್ನು ದಾರಿಗೆ ತಂದವಳು ಅವಳೇ ಎಂದು ಕಿರಿಯ ತಮ್ಮ ಗ್ರೆಗರಿ ಬರೆದಿಟ್ಟಿದ್ದಾನೆ. ಬಿಷಪ್ ಆಗಿದ್ದ ಆ ಗ್ರೆಗರಿ ತನ್ನ ಅಕ್ಕನನ್ನು ಕರೆದದ್ದು ‘ಗುರು’ ಎಂದು.